ಪಕ್ಕದ ಕುರ್ಚಿಯ ಗಿರಾಕಿಗಳು

ಆ ಕ್ಷೌರದಂಗಡಿಯಲ್ಲಿ ಇರೋದೇ ಎರಡು ಕುರ್ಚಿ. ಫ್ಯಾನಿನ ಕೆಳಗಿನ ಒಳ್ಳೇ ಕುರ್ಚಿ ಅಂಗಡಿ ಯಜಮಾನನದು. ಬಾಗಿಲ ಪಕ್ಕದ ಹಳೇ ಕುರ್ಚಿ ಅವನ ಹೆಂಡತಿಯ ತಮ್ಮನದು. ಈ ಮೈದುನ ಕರೆದೂ ಕರೆದೂ ಬೀದಿಯವರೆಲ್ಲ ಯಜಮಾನನನ್ನು 'ಭಾವ' ಅಂತಲೇ ಕರೀತಾರೆ.

ಈಗ ನೋಡಿ, ಭಾವನ ಕುರ್ಚಿ ಖಾಲಿ. ಆದರೂ ಬೆಂಚಿನ ಮೇಲೆ ಜನ ಪೇಪರ್ ಓದುತ್ತಾ ಮೈದುನನ ಕುರ್ಚಿಗೇ ಕಾಯ್ತಿದ್ದಾರೆ.

"ಬನ್ನಿ ಮೇಷ್ಟ್ರೇ, ಮೀಸೆ ತಿದ್ದಿಬಿಡ್ತೀನಿ."

"ಪರವಾಗಿಲ್ಲಪ್ಪ, ನನಗೇನೂ ಅವಸರವಿಲ್ಲ."

ಶಾಲೆಯ ಗಂಟೆ ಹೊಡೆಯೋ ಹೊತ್ತು, ಮೇಷ್ಟ್ರಿಗೆ ಅವಸರವಿಲ್ಲವಂತೆ! ಭಾವನ ಹೊಟ್ಟೆ ಧಗಧಗ ಉರಿಯಿತು. ಕತ್ತರಿ ಹಿಡಿಯೋದು ಕಲಿಸಿದವನು ತಾನು, ಮೆರೆಯೋನು ಅವನು!

ಮನೆಗೆ ಹೋಗಿ ಕೂಗಾಡಿದ. "ನಿನ್ನ ತಮ್ಮ ಗಿರಾಕಿಗಳಿಗೆ ಬೆಣ್ಣೆ ಹಚ್ತಾನೆ ಕಣೇ! ನನ್ನ ಮೇಲೆ ಏನೋ ಚಾಡಿ ಹೇಳಿದ್ದಾನೆ!"

"ಅವನು ಹಾಗೆಲ್ಲ ಹೇಳೋನಲ್ಲ ರೀ," ಅಂದಳು ಹೆಂಡತಿ. ಅದಕ್ಕೂ ಅವನಿಗೆ ಉರಿಯಿತು.

ಉರಿದಾಗಲೆಲ್ಲ ಭಾವ ಅಂಗಡಿ ಹಿಂದಿನ ಓಣಿಗೆ ಹೋಗಿ ಸಿಗರೇಟಿನ ತಂಬಾಕಿಗೆ ಗಾಂಜಾ ಬೆರೆಸಿ, ಸುತ್ತಿ ಸೇದುತ್ತಿದ್ದ. ಮೊದಲೆಲ್ಲ ಮೈದುನನೂ ಜೊತೆಗಿರುತ್ತಿದ್ದ. ಈಗ ಬಿಟ್ಟು ದೊಡ್ಡ ಮನುಷ್ಯನಾಗಿದ್ದಾನೆ. ಸೇದಿ ಬಂದು ಕೈಗೆ ಪೌಡರ್ ಹಚ್ಚಿಕೊಂಡರೆ ವಾಸನೆ ಯಾರಿಗೂ ಗೊತ್ತಾಗಲ್ಲ ಅಂತ ಭಾವನ ಲೆಕ್ಕ.

ರಜೆಯ ದಿನ ಮಗಳು ಬಂದಳು. ಮುಂದಿನ ಕೂದಲು ಕಣ್ಣಿಗೆ ಬೀಳ್ತಿತ್ತು. ಭಾವ ಕುರ್ಚಿ ಒರೆಸಿ ಕರೆದ. ಅವಳು ಸೀದಾ ಮಾವನ ಕುರ್ಚಿ ಹತ್ತಿ ಕೂತಳು.

"ಯಾಕೇ ಪುಟ್ಟಿ? ಅಪ್ಪ ಬೇಡವಾ?"

"ಕೂದಲು ಕತ್ತರಿಸುವಾಗ ನಿನ್ನ ಬೆರಳು ಮೂಗಿನ ಹತ್ರ ಬರುತ್ತಪ್ಪ. ಉಸಿರು ಬಿಗಿ ಹಿಡ್ಕೋಬೇಕು."

ಬೆಂಚಿನ ಮೇಲಿದ್ದವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಮೀಸೆ ತಿದ್ದುವಾಗ ಬೆರಳು ಇರೋದು ಮೂಗಿನ ಕೆಳಗೇ ಅಲ್ಲವೇ! ಭಾವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಿರಾಕಿ ಹೋದರೆ ಹೋಗಲಿ, ಮಗಳೂ ಹೋದಳಲ್ಲ!

ಜನ ಹೋದ ಮೇಲೆ ಮೈದುನನನ್ನು ಕೇಳಿದ. "ಹೇಗೆ ಬಿಟ್ಯೋ? ನಿನಗೆಲ್ಲ ಸಲೀಸು."

"ಸಲೀಸಾ? ಮಣ್ಣು ಮುಕ್ಕಿದ್ದೀನಿ ಭಾವ! ಮೊದಲು ಗಾಂಜಾ ಮಾತ್ರ ಬಿಟ್ಟೆ. ಸಿಗರೇಟು ಜಾಸ್ತಿ ಆಯ್ತು. ಸಿಗರೇಟು ಹಚ್ಚಿದಾಗೆಲ್ಲ ಗಾಂಜಾ ನೆನಪಾಗೋದು, ಮತ್ತೆ ಶುರು. ಎರಡನ್ನೂ ಒಟ್ಟಿಗೇ ಬಿಡು ಅಂತ ಆರೋಗ್ಯ ಕೇಂದ್ರದ ನರ್ಸಮ್ಮ ಹೇಳಿದ್ರು. ಆಮೇಲೇ ದಾರಿ ಸಿಕ್ಕಿದ್ದು."

"ಈಗ ಆಸೆಯೇ ಆಗಲ್ವಾ?"

"ಆಗದೆ? ನೀವು ಓಣಿಯಿಂದ ಬಂದಾಗ ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ!"

ಅಯ್ಯೋ, ಇವನಿಗೂ ಹೊಟ್ಟೆಕಿಚ್ಚೇ! ಭಾವನಿಗೆ ನಗು ತಡೆಯಲಾಗಲಿಲ್ಲ.

ಮರುದಿನ ಗಂಡ ಹೆಂಡತಿ ನರ್ಸಮ್ಮನ ಮುಂದೆ ಕೂತರು. "ಅರ್ಧ ಅರ್ಧ ಬೆರೆಸಿದ್ರೆ ಅಪಾಯವೂ ಅರ್ಧ ತಾನೇ?" ಅಂದ ಭಾವ.

"ಇಲ್ಲಪ್ಪ, ಎರಡು ಚಟ ಒಟ್ಟಿಗೆ ಅಂಟುತ್ತೆ. ತಂಬಾಕಿನ ಹಂಬಲಕ್ಕೆ ಅಗಿಯೋ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸೋ ಪ್ಯಾಚ್ ಇದೆ, ಬಳಸೋ ರೀತಿ ಹೇಳ್ತೀವಿ. ಗಾಂಜಾಕ್ಕೆ ಅಂಥದ್ದಿಲ್ಲ, ಬಂದು ಮನಸ್ಸು ಬಿಚ್ಚಿ ಮಾತಾಡಬೇಕು. ಮೊದಲ ಕೆಲವು ವಾರ ನಿದ್ದೆ ಬರಲ್ಲ, ಸಿಡುಕು ಬರುತ್ತೆ. ಆಮೇಲೆ ಇಳಿಯುತ್ತೆ."

"ಇವರು ಸಿಡುಕೋದು ಹೊಸದೇನಲ್ಲ ಬಿಡಿ, ತಡ್ಕೋತೀನಿ," ಅಂದಳು ಹೆಂಡತಿ.

ಭಾವ ಸುತ್ತುವ ಕಾಗದ, ಲೈಟರ್ ಎಲ್ಲ ಎಸೆದ. ಓಣಿಯ ದಾರಿ ಬಿಟ್ಟ. ಆಸೆ ಬಂದಾಗ ನೀರು ಕುಡಿದು ಬೀದಿಯಲ್ಲಿ ಒಂದು ಸುತ್ತು ನಡೆದ. ನಡುವೆ ಒಮ್ಮೆ ಜಾರಿ ಮತ್ತೆ ಸೇದಿದ. ನರ್ಸಮ್ಮ ಬೈಯಲಿಲ್ಲ. "ಎಡವಿದೋರು ಏಳಬೇಕು, ಅಷ್ಟೇ," ಅಂದರು.

ಮಗಳ ಕೂದಲು ಮತ್ತೆ ಬೆಳೆಯಿತು. ಈ ಸಲ ಅಪ್ಪನ ಕುರ್ಚಿ ಹತ್ತಿದಳು. ಭಾವ ಬೆರಳಲ್ಲಿ ಮುಂಗೂದಲು ಹಿಡಿದು ಕತ್ತರಿಸಿದ. ಮುಗಿಯುವ ತನಕ ಅವಳು ಉಸಿರು ಬಿಗಿ ಹಿಡಿಯದೆ ಪಟಪಟ ಮಾತಾಡುತ್ತಲೇ ಇದ್ದಳು. ಅಷ್ಟು ಸಿಹಿಯಾದ ಮಾತನ್ನು ಭಾವ ಯಾವತ್ತೂ ಕೇಳಿರಲಿಲ್ಲ.

ನೀವೂ ಎರಡನ್ನೂ ಬೆರೆಸಿ ಸೇದ್ತೀರಾ? ಒಂದು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನಾಚಿಕೆ ಬೇಡ. ಹೊಟ್ಟೆಕಿಚ್ಚು ಪಡಲೇಬೇಕಾ? ಬಿಟ್ಟವರನ್ನು ಕಂಡು ಪಡಿ. ಆಮೇಲೆ ಅವರ ಪಕ್ಕದಲ್ಲೇ ಕೂತು, ಹೇಗೆ ಬಿಟ್ಟೆ ಅಂತ ಕೇಳಿ.