ಹಲಗೆ ಒಣಗುವವರೆಗೆ

ಪ್ರಶ್ನೆಗೂ ಉತ್ತರಕ್ಕೂ ನಡುವೆ ಅವರು ಬಿಡುತ್ತಿದ್ದ ಮೌನ ಎಷ್ಟು ದೀರ್ಘವಾಗಿರುತ್ತಿತ್ತೆಂದರೆ, ದೂರವಾಣಿಯಲ್ಲಿ ಅವರೊಡನೆ ಮಾತನಾಡುವ ಹೊಸಬರು ಸಂಪರ್ಕ ಕಡಿದುಹೋಯಿತೆಂದು ಭಾವಿಸಿ ‘ಹಲೋ, ಹಲೋ’ ಎಂದು ಕೂಗಿ ಕೂಗಿ ಕೊನೆಗೆ ಇಟ್ಟುಬಿಡುತ್ತಿದ್ದರು. ಇತ್ತ ಇವರು ಕಣ್ಣು ಅರೆಮುಚ್ಚಿ, ‘ಆಗಬಹುದು, ಆದರೆ ಈಗಲ್ಲ’ ಎಂದು ಯಾರೂ ಇಲ್ಲದ ತಂತಿಗೆ ಶಾಂತವಾಗಿ ಉತ್ತರ ಕೊಡುತ್ತಿದ್ದರು. ಬಾಗಿಲು, ಕಿಟಕಿ, ಶಾಲೆಯ ಬೆಂಚುಗಳನ್ನು ಮಾಡುವ ಮರದ ಕಾರ್ಖಾನೆಯೊಂದರ ಮ್ಯಾನೇಜರರಾಗಿದ್ದ ಅವರಿಗೆ ಬಡಗಿಗಳು ಇಟ್ಟ ಹೆಸರು ನಿಧಾನಪ್ಪ. ಅದು ಅವರಿಗೂ ಗೊತ್ತಿತ್ತು. ‘ಇರಲಿ ಬಿಡಿ, ಅವಸರಪ್ಪ ಅಂದಿದ್ದರೆ ಬೇಜಾರಾಗ್ತಿತ್ತು’ ಎಂದು ಒಮ್ಮೆ ನನ್ನೆದುರು ನಕ್ಕಿದ್ದರು.

ನಾನು ಅಲ್ಲಿ ಪತ್ರವ್ಯವಹಾರದ ಗುಮಾಸ್ತ. ನನ್ನ ಮೇಜು ಅವರ ಕೋಣೆಯ ಗಾಜಿನ ಬಾಗಿಲಿಗೆ ಎದುರಾಗಿತ್ತು. ನೀಳಕಾಯ, ತುಸು ಬಾಗಿದ ಬೆನ್ನು, ಬೇಸಿಗೆಯಲ್ಲೂ ಕಳಚದ ಬೂದುಬಣ್ಣದ ಕೋಟು, ಅದರ ಜೇಬುಗಳ ತುಂಬ ಹೆರೆದ ಮರದ ಸುರುಳಿಗಳು. ‘ಸಂಬಳದ ದಿನವಾದರೂ ಜೇಬಲ್ಲಿ ಬೇರೇನಾದರೂ ತರಬಾರದೇ?’ ಎಂದು ಅವರ ಹೆಂಡತಿ ಕೋಟು ಕೊಡವುತ್ತ ಗೊಣಗುತ್ತಿದ್ದರಂತೆ.

ಕಾರ್ಖಾನೆಯ ಹಿಂಬದಿಯಲ್ಲಿ ಉದ್ದನೆಯದೊಂದು ಶೆಡ್ಡು. ಕೊಯ್ದ ಹಲಗೆಗಳನ್ನು, ನಡುವೆ ಗಾಳಿಯಾಡುವಂತೆ ಮರದ ತೆಳು ಪಟ್ಟಿಗಳನ್ನಿಟ್ಟು, ಅಲ್ಲಿ ವರ್ಷಗಟ್ಟಲೆ ಒಣಗಲು ಬಿಡುತ್ತಿದ್ದರು. ದಿನವೂ ಬೆಳಿಗ್ಗೆ ನಿಧಾನಪ್ಪನವರು ಮೊದಲು ಹೋಗುತ್ತಿದ್ದುದು ಅಲ್ಲಿಗೆ. ಮಲಗಿದವರನ್ನು ಎಬ್ಬಿಸಲು ಸಂಕೋಚಪಡುವವರಂತೆ ಮೆಲ್ಲನೆ ನಡೆದು, ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟಿ, ಕಿವಿಗೊಟ್ಟು ನಿಲ್ಲುತ್ತಿದ್ದರು. ‘ಮರ ಬೀಳೋಕೆ ಒಂದು ಗಳಿಗೆ ಸಾಕು, ಹಲಗೆ ಆಗೋಕೆ ವರ್ಷಗಳು ಬೇಕು’ ಎನ್ನುವರು. ಶೆಡ್ಡಿನಿಂದ ಎಷ್ಟು ಹಲಗೆ ಹೊರಬಂತೋ ಅಷ್ಟೇ ಹೊಸದು ಒಳಹೋಗಬೇಕೆಂಬುದು ಅವರ ಕಟ್ಟಳೆ. ವ್ಯಾಪಾರ ಬಿದ್ದ ವರ್ಷವೂ ಅದು ತಪ್ಪುತ್ತಿರಲಿಲ್ಲ. ‘ಹಿಂದಿನವರು ಬಡಿಸಿಟ್ಟಿದ್ದನ್ನ ನಾವು ಉಣ್ತಿದ್ದೀವಿ. ಕೈ ತೊಳೆಯೋ ಮುಂಚೆ ಮುಂದಿನವರಿಗೂ ಒಂದು ತಟ್ಟೆ ಇಡಬೇಕಲ್ಲ?’

ಕಾರ್ಖಾನೆ ಕಟ್ಟಿದ ಹಿರಿಯ ಧಣಿ ತೀರಿಕೊಂಡು, ಮಗ ಯಜಮಾನನಾದ ಮೇಲೆ ಕಾಲ ಬದಲಾಯಿತು. ಚಿಕ್ಕ ಧಣಿ ಕೆಟ್ಟವನಲ್ಲ; ಗಿಡ ನೆಟ್ಟವನು ಬೇರು ಬಿಟ್ಟಿದೆಯೇ ಎಂದು ದಿನಾ ಕಿತ್ತು ನೋಡುತ್ತಾನಲ್ಲ, ಆ ಜಾತಿ. ಆಗಲೇ ದೊಡ್ಡ ಹೋಟೆಲೊಂದರ ಸಮಸ್ತ ಬಾಗಿಲು ಕಿಟಕಿಗಳ ಬೇಡಿಕೆ ಬಂತು. ಗಾಜಿನ ಬಾಗಿಲು ತೆರೆದೇ ಇದ್ದುದರಿಂದ ಮಾತೆಲ್ಲ ನನಗೆ ಕೇಳಿಸಿತು.

‘ಶೆಡ್ಡಿನಲ್ಲಿ ಅಷ್ಟೊಂದು ಹಲಗೆ ಬಿದ್ದಿದೆಯಲ್ಲ, ತೆಗೀರಿ’ ಎಂದ ಚಿಕ್ಕ ಧಣಿ.

‘ಅರ್ಧ ಇನ್ನೂ ಹಸಿ, ಧಣಿ. ಒಣಗಿದ್ದನ್ನೆಲ್ಲ ಒಬ್ಬರಿಗೇ ಸುರಿದರೆ ಮುಂದೆ ಏನು ಮಾಡೋದು?’

‘ಮುಂದಿನದು ಮುಂದೆ. ನೀವು ಇನ್ನೂ ನಮ್ಮಪ್ಪನ ಕಾಲದಲ್ಲೇ ಇದ್ದೀರಿ.’

ಫ್ಯಾನು ತಿರುಗುವ ಸದ್ದು. ಧಣಿ ಗಡಿಯಾರ ನೋಡಿಕೊಂಡ.

‘ಇಲ್ಲ ಧಣಿ, ನಾನಿರೋದು ನಿಮ್ಮ ಮಕ್ಕಳ ಕಾಲದಲ್ಲಿ.’

ಹೆಚ್ಚು ದಿನ ಕಳೆಯುವ ಮೊದಲೇ ಅವರನ್ನು ಗೌರವಪೂರ್ವಕವಾಗಿ ಮನೆಗೆ ಕಳಿಸಲಾಯಿತು. ಅವರ ಕುರ್ಚಿಯಲ್ಲಿ ಕೂತವನು ಅವರದೇ ಸಹಾಯಕ. ಮರದ ಎಳೆ ಓದುವುದನ್ನು ಮಗನಿಗೆ ಅಕ್ಷರ ತಿದ್ದಿಸಿದಂತೆ ಅವರು ಕಲಿಸಿದ್ದ ಮನುಷ್ಯ. ಹೊರಡುವಾಗ ಅವನ ಹೆಗಲ ಮೇಲೆ ಕೈಯಿಟ್ಟು, ‘ಒಳ್ಳೇದಾಗಲಿ ಕಣಯ್ಯ. ಮರ ತರಿಸೋದು ಮಾತ್ರ ನಿಲ್ಲಿಸಬೇಡ’ ಎಂದಷ್ಟೇ ಹೇಳಿದರು.

ಅವನು ನಿಲ್ಲಿಸಿದ. ಹೋಟೆಲಿನ ಬೇಡಿಕೆಗೂ ಉಳಿದವಕ್ಕೂ, ಒಣಗಿದ್ದು ಹಸಿಯದು ಎನ್ನದೆ ಶೆಡ್ಡಿನಲ್ಲಿದ್ದ ಹಲಗೆಯನ್ನೆಲ್ಲ ಬಳಸಿದ, ಹೊಸದನ್ನು ಕೊಳ್ಳಲಿಲ್ಲ. ಖರ್ಚಿಲ್ಲದ ಆದಾಯ ಕಂಡು ಎಲ್ಲರೂ ಬೆರಗಾದರು. ಕಾರ್ಖಾನೆಯ ಚರಿತ್ರೆಯಲ್ಲೇ ಅಂಥ ವರ್ಷ ಬಂದಿರಲಿಲ್ಲ. ಅಂಗಳದಲ್ಲಿ ಸಮಾರಂಭ ನಡೆಯಿತು. ಹಳೆಯ ಮ್ಯಾನೇಜರರಿಗೂ ಆಹ್ವಾನವಿತ್ತು, ಹಿಂದಿನ ಸಾಲಿನಲ್ಲಿ. ಭಾಷಣಗಳು ಮುಗಿದ ಮೇಲೆ ಅವರು ಎದ್ದು ಶೆಡ್ಡಿನತ್ತ ಹೋದರು. ನಾನೂ ಹಿಂದೆ ಹೋದೆ. ಒಳಗೆ ಖಾಲಿ ನೆಲ, ಮೂಲೆಯಲ್ಲಿ ರಾಶಿ ಹಾಕಿದ ಪಟ್ಟಿಗಳು. ಬಹಳ ಹೊತ್ತಾದ ಮೇಲೆ ಅವರು ಅಂದರು: ‘ನಾನು ಕೂಡಿಡದೇ ಇದ್ದಿದ್ದರೆ ಇವರಿಗೆ ಕರಗಿಸೋಕೆ ಏನೂ ಇರ್ತಿರಲಿಲ್ಲ. ಈ ಗೆಲುವಿಗೂ ನನ್ನದೇ ಸೌದೆ, ನೋಡಿ.’

ಆಮೇಲಿನದು ಬೇಗ ಮುಗಿಯಿತು. ಹಸಿ ಮರದ ಬಾಗಿಲುಗಳು ಸೊಟ್ಟಗಾದವು, ಬೆಂಚುಗಳು ಸೀಳುಬಿಟ್ಟವು, ಮಾರಿದ ಮಾಲು ಲಾರಿ ಲಾರಿಯಾಗಿ ತಿರುಗಿ ಬಂತು. ಸಹಾಯಕ ಅಷ್ಟರಲ್ಲಿ ಆ ಒಂದು ವರ್ಷದ ಕೀರ್ತಿಯ ಬಲದಿಂದ ಇನ್ನೂ ದೊಡ್ಡ ಸಂಸ್ಥೆಗೆ ಹೊರಟುಹೋಗಿದ್ದ. ಕಾರ್ಖಾನೆಗೆ ಬೀಗ ಬಿತ್ತು. ಬಡಗಿಗಳಲ್ಲಿ ಕೆಲವರು ಕಾವಲುಗಾರರಾದರು, ಕೆಲವರು ಊರು ಬಿಟ್ಟರು. ಕೆಲಸ ಕೇಳಿಕೊಂಡು ನಿಧಾನಪ್ಪನವರ ಮನೆಗೆ ಬಂದವರೂ ಉಂಟು. ಅವರಿಗೆ ಕೊಡಲು ಇವರ ಬಳಿ ಚಹಾ ಬಿಟ್ಟರೆ ಏನಿತ್ತು?

ಸಮಾಧಾನ ಹೇಳಲು ಹೋದ ನಾನು, ‘ನೀವು ಹೇಳಿದ್ದೇ ಆಯ್ತು ಸಾರ್’ ಎಂದುಬಿಟ್ಟೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ತಡಮಾಡದೆ ಉತ್ತರಿಸಿದರು: ‘ಆಗಬಾರದು ಅಂತಲ್ಲವೇನಯ್ಯ ಹೇಳಿದ್ದು!’ ಒಳಗಿನಿಂದ ಬಂದ ಅವರ ಹೆಂಡತಿ, ‘ಇನ್ನು ಆ ಮಾತು ಬೇಡಪ್ಪಾ, ಊಟ ಬಿಡ್ತಾರೆ’ ಎಂದು ಕಣ್ಸನ್ನೆ ಮಾಡಿದರು. ಆ ಚಳಿಗಾಲ ದಾಟುವುದರೊಳಗೆ ನಿಧಾನಪ್ಪನವರು ಹೋಗಿಬಿಟ್ಟರು. ಕಾಯಿಲೆ ಇಂಥದೆಂದು ವೈದ್ಯರು ಹೇಳಲಿಲ್ಲ.

ತಾವು ಕಣ್ಣಾರೆ ಕಾಣಲಾರದ ಮುಂದಿನ ದಿನಗಳಿಗಾಗಿ ಸಂಸ್ಥೆಯನ್ನು ನಡೆಸುವವರ ಪಾಡೇ ಇದು. ಅವರು ಇರುವಷ್ಟು ಕಾಲ ಏನೂ ಆಗುವುದಿಲ್ಲ: ಬಾಗಿಲು ಬಾಗುವುದಿಲ್ಲ, ಒಲೆ ಆರುವುದಿಲ್ಲ, ಯಾರೂ ಊರು ಬಿಡುವುದಿಲ್ಲ. ಆಗದೆ ಉಳಿದ ಅನಾಹುತವನ್ನು ಎಣಿಸುವ ವಿದ್ಯೆ ಲೋಕಕ್ಕೆ ಇನ್ನೂ ಒಲಿದಿಲ್ಲವಾಗಿ, ಜನ ಅವರನ್ನು ಸೋಮಾರಿಗಳೆಂದುಕೊಳ್ಳುತ್ತಾರೆ. ಅವರು ಸರಿಯಾಗಿದ್ದರೆಂದು ತಿಳಿಯಬೇಕಾದರೆ ಎಲ್ಲವೂ ಹಾಳಾಗಬೇಕು, ಹಾಳಾದ ಮೇಲೆ ಆ ತಿಳಿವಳಿಕೆ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ.