ಒಬ್ಬರು ಹೆಚ್ಚಾದ ಊರು

ಒಂದು ಊರಲ್ಲಿ ಎರಡು ಸಾವಿರದ ಐನೂರ ಇಪ್ಪತ್ತೊಂದು ಜನರಿದ್ದರು. ಅಲ್ಲಿನ ದೊರೆ ಸಾಯುವ ಮುನ್ನ ತನ್ನ ಹತ್ತು ಗಂಡುಮಕ್ಕಳಿಗೆ ಒಂದು ಮಾತು ಹೇಳಿದ: ತಲೆ ಲೆಕ್ಕ ಸಮನಾಗಿ ಬಂದರೆ ಊರನ್ನು ಪಾಲು ಮಾಡಿಕೊಳ್ಳಿ, ಒಂದು ತಲೆ ಹೆಚ್ಚುಕಡಿಮೆಯಾದರೂ ಮುಟ್ಟಬೇಡಿ.

ತಿಥಿಯೂಟದ ಕೈ ಒಣಗುವ ಮೊದಲೇ ಮಕ್ಕಳು ಊರನ್ನೆಲ್ಲ ಬಯಲಿಗೆ ಕರೆಸಿದರು. ಲೆಕ್ಕಿಗ ಚನ್ನೀರಪ್ಪ ಜನರನ್ನು ಹತ್ತು ಸಾಲು ಮಾಡಿದ, ಒಬ್ಬರು ಉಳಿದರು. ಒಬ್ಬ ತಮ್ಮನನ್ನು ಹೊರಗಿಟ್ಟು ಒಂಬತ್ತು ಸಾಲು ಮಾಡಿಸಿದರು, ಆಗಲೂ ಒಬ್ಬರು. ಏಳು ಜನ ಸೇರಿ ಮೂವರಿಗೆ ಕೈಕೊಟ್ಟರು, ಐವರು ಐವರಿಗೆ ಕೈಕೊಟ್ಟರು, ಕೊನೆಗೆ ಇಬ್ಬರೇ ಒಂದಾಗಿ ಎಂಟು ಮಂದಿಗೆ ನಾಮ ಹಾಕಿದರು. ಏನು ಮಾಡಿದರೂ ಒಬ್ಬರು ಉಳಿದೇ ಉಳಿದರು. ಎಂಥ ಹಟಮಾರಿ ಸಂಖ್ಯೆಯಪ್ಪಾ ಅದು! ಹಾಗೆ ಪ್ರತಿ ಸಲ ಉಳಿದವಳು ಚನ್ನೀರಪ್ಪನ ಹೆಂಡತಿ ಪುಟ್ಟತಾಯಿ. ಕಾಲು ಕುಂಟಾದ್ದರಿಂದ ಅವಳು ಸಾಲು ಸೇರುವಷ್ಟರಲ್ಲಿ ಕೊನೆಯವಳಾಗುತ್ತಿದ್ದಳು.

ಬಿಸಿಲಲ್ಲಿ ಬೆಂದ ಜನ ಗೊಣಗಿದರು. ಹಿರಿಯ ಮಗ ಸಾರಿದ: "ನಾಳೆ ಯಾರು ಉಳಿಯುತ್ತಾರೋ ಅವರನ್ನು ಬೇಲಿಯಾಚೆ ಅಟ್ಟುತ್ತೇವೆ. ಅಲ್ಲಿಗೆ ನಿಮ್ಮ ಕಷ್ಟ ಮುಗಿಯಿತು." ಜನ ಚಪ್ಪಾಳೆ ತಟ್ಟಿದರು. ಚನ್ನೀರಪ್ಪ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ.

"ಹೋದರೆ ನಾನು ಹೋಗ್ತೀನಿ ಬಿಡಿ," ಎಂದಳು ಪುಟ್ಟತಾಯಿ.

"ಬಾಯಿ ಮುಚ್ಚು. ನಿನ್ನ ಮುಖ ನೋಡದೆ ನಾನು ಹೆಂಗೆ ಬದುಕಲಿ?"

ಮರುದಿನ ಅವಳ ಕೈಹಿಡಿದು ಎಳೆದುಕೊಂಡೇ ಬಂದ. ಅಷ್ಟರಲ್ಲಿ ಸಾಲುಗಳು ತುಂಬಿದ್ದವು. ಹತ್ತನೆಯ ಸಾಲಿನ ತುದಿಯಲ್ಲಿ ಮೊರ ಹೆಣೆಯುವ ಮುದುಕಿ ಸಣ್ಣೀರವ್ವ ನಿಂತಿದ್ದಳು. ಚನ್ನೀರಪ್ಪ ಅವಳತ್ತ ಕೂಗಿದ.

"ಸಣ್ಣೀರವ್ವಾ, ಆ ಮರದ ಕೆಳಗೆ ನಿನ್ನ ಮೊರಗಳನ್ನು ದನ ತುಳೀತಿದೆ ನೋಡು!"

ಮುದುಕಿ ಓಡಿದಳು. ಅಲ್ಲಿ ದನವೂ ಇರಲಿಲ್ಲ, ಮೊರವೂ ಇರಲಿಲ್ಲ. ಹಿಂತಿರುಗಿದಾಗ ಅವಳ ಜಾಗದಲ್ಲಿ ಪುಟ್ಟತಾಯಿ ನಿಂತಿದ್ದಳು.

"ಇದೇನಪ್ಪಾ ಚನ್ನೀರಾ?"

"ಲೆಕ್ಕ ಕಣವ್ವಾ, ಲೆಕ್ಕ," ಎಂದು ಅವನು ನೆಲ ನೋಡಿದ.

ಸಣ್ಣೀರವ್ವ ಬೇಲಿ ದಾಟಿದ್ದೇ ತಡ, ಸಂಖ್ಯೆಯ ಹಟ ಇಳಿದುಹೋಯಿತು. ಎರಡಕ್ಕೂ ಸಮ, ಏಳಕ್ಕೂ ಸಮ, ಹತ್ತಕ್ಕೂ ಸಮ. ಹತ್ತೂ ಮಕ್ಕಳು ಹಿಗ್ಗಿ ಹೀರೇಕಾಯಿಯಾದರು. ಆ ಕ್ಷಣವೇ ಸಾಲುಸಾಲಿನ ನಡುವೆ ಹಗ್ಗ ಬಿತ್ತು, ತಿಂಗಳೊಳಗೆ ಹಗ್ಗದ ಜಾಗದಲ್ಲಿ ಗೋಡೆ ಎದ್ದಿತು. ಒಂದು ತಲೆ ಆಚೀಚೆಯಾದರೂ ಲೆಕ್ಕ ಕೆಡುತ್ತದಲ್ಲ, ಅದಕ್ಕೆ ಬಾಗಿಲುಬಾಗಿಲಿಗೂ ಕಾವಲು. ಚನ್ನೀರಪ್ಪ ಮೂರನೆಯ ಪಾಲಿಗೆ ಬಿದ್ದ, ಪುಟ್ಟತಾಯಿ ಹತ್ತನೆಯದಕ್ಕೆ. ಅವನು ಕಾವಲಿನವರ ಕಾಲು ಹಿಡಿದ, ಗೋಳೋ ಎಂದು ಅತ್ತ, ಯಾರೂ ಬಿಡಲಿಲ್ಲ.

ಯಾರ ಪಾಲಿಗೂ ಸೇರದ ಸಣ್ಣೀರವ್ವ ಬಂದರೂ ಹೋದರೂ ಲೆಕ್ಕ ಕೆಡುವುದಿಲ್ಲವೆಂದು ಅವಳನ್ನು ಮಾತ್ರ ಯಾವ ಕಾವಲಿನವನೂ ತಡೆಯುತ್ತಿರಲಿಲ್ಲ. ಮೊರ ಹೊತ್ತು ಹತ್ತೂ ಕಡೆ ಓಡಾಡುತ್ತಿದ್ದಳು. ಒಂದು ದಿನ ಚನ್ನೀರಪ್ಪನ ಮನೆಮುಂದೆಯೂ ಬಂದಳು. ಅವನು ತಲೆ ತಗ್ಗಿಸಿಕೊಂಡೇ ಕೇಳಿದ.

"ಅವ್ವಾ, ಅವಳು ಹೇಗಿದ್ದಾಳೆ?"

"ಇದ್ದಾಳಪ್ಪ. ನಿನಗೊಂದು ಮಾತು ಹೇಳು ಅಂದಳು."

"ಏನಂದಳು?"

"ಅವತ್ತು ನನ್ನನ್ನೇ ಆಚೆ ಹಾಕಿದ್ದರೆ ದಿನಾ ಬಂದು ನಿಮ್ಮ ಮುಖ ನೋಡ್ಕೊಂಡು ಹೋಗ್ತಿದ್ದೆನಲ್ಲ, ಅಂದಳು."