ಲಕ್ಕಮ್ಮನ ದನಿ

೨೦೦೪ರಲ್ಲಿ ವಿನುತಾ ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ವರ್ಷದ ಪ್ರದರ್ಶನಕ್ಕೆ ಅವಳು ಕಥೆ ಕಟ್ಟುವ ಕಂಪ್ಯೂಟರ್ ಮಾಡಬೇಕೆಂದುಕೊಂಡಳು. ಕಥೆಗಳಿಗಾಗಿ ದೂರ ಹೋಗಬೇಕಿರಲಿಲ್ಲ. ಮಾವಳ್ಳಿಯ ಅವಳ ಎದುರುಮನೆಯಲ್ಲೇ ಸೊಪ್ಪು ಮಾರುವ ಲಕ್ಕಮ್ಮ ಇದ್ದಳು. ಸಂಜೆಯಾದರೆ ಕಥೆ ಕೇಳಲು ಬೀದಿಯ ಮಕ್ಕಳೆಲ್ಲ ಆಕೆಯ ಜಗಲಿಯ ಮೇಲೆ.

ವ್ಯಾಪಾರ ಮುಗಿದ ಮಧ್ಯಾಹ್ನಗಳಲ್ಲಿ ವಿನುತಾ ರೆಕಾರ್ಡರ್ ಹಿಡಿದು ಆಕೆಯ ಮುಂದೆ ಕೂತಳು. ಒಂದು ದಿನ ರಾಜಕುಮಾರನ ಕಥೆ ಹೇಳುತ್ತಿದ್ದ ಲಕ್ಕಮ್ಮ ತನ್ನ ಮಗ ವೇಣುವಿನ ಮಾತಿಗೆ ಹೊರಳಿದಳು. ಏಳು ವರ್ಷಕ್ಕೇ ಕೆರೆಯಲ್ಲಿ ಮುಳುಗಿ ಹೋದವನು. ಹೇಳಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇದನ್ನ ಮಾತ್ರ ಹಾಕ್ಬೇಡ ಕಣವ್ವಾ.”

“ಇಲ್ಲಜ್ಜಿ, ತೆಗೆದ್ಬಿಡ್ತೀನಿ.”

ತೆಗೆಯಲಿಲ್ಲ. ಕಥೆಗಳನ್ನು ಒಂದೊಂದೇ ವಾಕ್ಯವಾಗಿ ತುಂಡರಿಸಿ, ಕಂಪ್ಯೂಟರ್ ತನಗೆ ತೋಚಿದಂತೆ ಜೋಡಿಸುವ ಪ್ರೋಗ್ರಾಂ ಬರೆದವನು ಸಹಪಾಠಿ ದೀಪಕ್. ವೇಣುವಿನ ಮಾತು ಬಂದಾಗ “ಇದನ್ನೂ ಸೇರಿಸ್ಲಾ?” ಎಂದು ಅವನು ಕೇಳಿದ. ಆ ದನಿ ಬೇರೆ ಯಾವ ಕಥೆಯಲ್ಲೂ ಇರಲಿಲ್ಲ. ಬಿಡಲು ವಿನುತಾಗೆ ಮನಸ್ಸಾಗಲಿಲ್ಲ. “ಸೇರಿಸು. ಅಷ್ಟೊಂದು ವಾಕ್ಯದಲ್ಲಿ ಯಾರಿಗ್ ಗೊತ್ತಾಗುತ್ತೆ?” ಅಂದಳು.

ಚಾಮರಾಜಪೇಟೆಯ ಹಾಲ್‌ನಲ್ಲಿ ಪ್ರದರ್ಶನ. ಮೂರನೆಯ ದಿನ ಲಕ್ಕಮ್ಮ ರೇಷ್ಮೆ ಸೀರೆ ಉಟ್ಟು, ತಾನೇ ಆಟೋ ಹಿಡಿದು ಬಂದಳು. ವಿನುತಾ ಆಕೆಯ ಕೈಯಿಂದಲೇ ಗುಂಡಿ ಒತ್ತಿಸಿದಳು. ಸ್ಪೀಕರ್‌ನಲ್ಲಿ ಲಕ್ಕಮ್ಮನ ದನಿ ಕೇಳಿಸಿತು:

“ಒಂದೂರಲ್ಲಿ ಒಬ್ಬ ರಾಜ ಇದ್ದ. ನಮ್ ವೇಣು ನೀರಿಂದ ಎದ್ದೇ ಬರ್ಲಿಲ್ಲ. ಊರೋರೆಲ್ಲ ಹೊಟ್ಟೆ ತುಂಬಾ ಹೋಳಿಗೆ ತಿಂದ್ರು.”

ಸುತ್ತ ನಿಂತವರು ಗೊಳ್ಳನೆ ನಕ್ಕರು.

ಲಕ್ಕಮ್ಮ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಕೈ ಹಿಡಿದುಕೊಂಡಳು. “ನಾನ್ ಹಂಗ್ ಹೇಳ್ಲಿಲ್ಲವ್ವಾ,” ಅಂದಳು. ಇನ್ನೊಬ್ಬರ ಕಡೆ ತಿರುಗಿ ಮತ್ತೆ, “ನಾನ್ ಹಂಗ್ ಹೇಳೇ ಇಲ್ಲ.” ವಿನುತಾ ಓಡಿಹೋಗಿ ಪ್ಲಗ್ ಕಿತ್ತಳು. ತಿರುಗಿ ನೋಡುವಷ್ಟರಲ್ಲಿ ಆಕೆ ಬಾಗಿಲು ದಾಟಿದ್ದಳು.

ಸಂಜೆ ವಿನುತಾ ಹೋಗಿ ಕಾಲು ಹಿಡಿದಾಗ ಲಕ್ಕಮ್ಮ ಬೈಯಲಿಲ್ಲ. “ಏಳು, ಕಾಫಿ ಕುಡಿ,” ಅಂದಳು. ಮರುದಿನ ಎಂದಿನಂತೆ ದಂಟಿನ ಸೊಪ್ಪು ಕೊಟ್ಟು ಹೋದಳು. ಆದರೆ ಮಕ್ಕಳು ಜಗಲಿಗೆ ಬಂದಾಗ, “ಗಂಟ್ಲು ಸರಿಯಿಲ್ಲ, ಹೋಗಿ ಆಡ್ಕೊಳಿ,” ಎಂದು ಕಳಿಸಿಬಿಟ್ಟಳು. ಕೆಲವು ದಿನ ಬಂದು ಬಂದು ನೋಡಿ, ಮಕ್ಕಳು ಬರುವುದನ್ನೇ ಬಿಟ್ಟರು.

ಐದು ವರ್ಷದ ನಂತರ ಲಕ್ಕಮ್ಮ ತೀರಿಕೊಂಡಳು. ಅಷ್ಟೂ ವರ್ಷ, ಸಂಜೆ ಆಕೆ ಜಗಲಿಯಲ್ಲಿ ಒಬ್ಬಳೇ ಸೊಪ್ಪು ಬಿಡಿಸುತ್ತಾ ಕೂತಿರುವುದು ವಿನುತಾಳ ಕೋಣೆಯ ಕಿಟಕಿಯಿಂದ ಕಾಣುತ್ತಿತ್ತು.